ಕಾಫಿ ತೂಕಕ್ಕೆ ಸ್ಮಾರ್ಟ್ ಕಾರ್ಡ್: ಯಾವ ಕಾರ್ಡ್, ಯಾವ ರೀಡರ್?

ತೋಟದ_ಹುಡುಗ

ಎಲ್ಲರಿಗೂ ನಮಸ್ಕಾರ. ಸಿದ್ದಾಪುರದ ಹತ್ತಿರ ನಮ್ಮದೊಂದು ಸಣ್ಣ ತೋಟ ಇದೆ, ಹೆಚ್ಚಿನದು ರೊಬಸ್ಟಾ. ಜನವರಿಯಲ್ಲಿ ಕುಯ್ಲು ಶುರುವಾದರೆ ದಿನಾ ಸಂಜೆ ನಾಲ್ಕೂವರೆಗೆ ಕಣದ ಪಕ್ಕದ ಶೆಡ್ಡಿನಲ್ಲಿ ತೂಕದ ಸಾಲು. ಸುಮಾರು 60 ಜನ, ಕೂಲಿ ಕೆಜಿ ಲೆಕ್ಕದಲ್ಲಿ. ತೋಟದ ಲೆಕ್ಕ ನೋಡುವ ರೈಟರ್ ತೂಕ ಕೂಗುತ್ತಾರೆ, ನಾನು ಪುಸ್ತಕದಲ್ಲಿ ಬರೆಯುತ್ತೇನೆ. ಹೋದ ಸಲ ಹೇಳದೆ ಕೇಳದೆ ಬಂದ ಮಳೆಗೆ ಪುಸ್ತಕ ನೆನೆದು ಎರಡು ದಿನದ ಲೆಕ್ಕ ಬರೀ ನೀಲಿ ಕಲೆಯಾಗಿ ಉಳಿಯಿತು. ಆಮೇಲೆ ನೆನಪಿನ ಮೇಲೆ ಬರೆದೆವು, ಜಗಳವೂ ಆಯಿತು, ಇಬ್ಬರು ಮುನಿಸಿಕೊಂಡು ಬೇರೆ ತೋಟಕ್ಕೆ ಹೋದರು.

ನಾನು ಬಿಸಿಎ ಓದಿದವನು. ಎಲ್ಲರಿಗೂ ಒಂದೊಂದು ಸ್ಮಾರ್ಟ್ ಕಾರ್ಡ್ ಕೊಟ್ಟು ತೂಕವನ್ನು ಅದರಲ್ಲೇ ಬರೆಯೋಣ ಅಂದುಕೊಂಡೆ. ಆನ್‌ಲೈನ್‌ನಲ್ಲಿ ಒಂದು ರೀಡರ್ ತರಿಸಿದೆ. ಜೊತೆಗೆ ಬಂದ ಕಾರ್ಡ್ ಇಟ್ಟರೆ ನೋಟ್‌ಪ್ಯಾಡ್‌ನಲ್ಲಿ ಹತ್ತು ಅಂಕಿಯ ನಂಬರ್ ತಾನಾಗಿ ಟೈಪ್ ಆಗುತ್ತದೆ, ಅಷ್ಟೇ. ಕಾರ್ಡಿಗೆ ಏನೂ ಬರೆಯಲು ಆಗುತ್ತಿಲ್ಲ. ಬೇರೆ ಕಡೆಯಿಂದ ತಂದ 50 ಕಾರ್ಡ್ ಇಟ್ಟರೆ ಬೀಪ್ ಕೂಡ ಇಲ್ಲ. ಮಾರಿದವನನ್ನು ಕೇಳಿದರೆ ನಿಮ್ಮ ಕಾರ್ಡೇ ಸರಿ ಇಲ್ಲ ಎಂದು ಫೋನ್ ಇಟ್ಟ. ಎಲ್ಲಿ ಎಡವಿದೆ?

ಎಪಿಡಿಯು_ಅಣ್ಣ

ಎಡವಿದ್ದು ಮೊದಲು ರೀಡರ್ ತಗೊಂಡಿದ್ದರಲ್ಲಿ. ಯಾವ ಕಾರ್ಡ್ ಅಂತ ಮೊದಲು ತೀರ್ಮಾನ ಆಗಬೇಕು, ರೀಡರ್ ಅದರ ಹಿಂದೆ ಬರುತ್ತದೆ. ಕುದುರೆಗೆ ಮೊದಲು ಲಾಳ ತಂದ ಹಾಗಾಗಿದೆ.

ನಿಮ್ಮ ಹತ್ತಿರ ಇರುವುದು 125 ಕಿಲೋಹರ್ಟ್ಜ್‌ನ ರೀಡರ್ ಇರಬೇಕು. ಅದು ಕಂಪ್ಯೂಟರ್‌ಗೆ ತಾನೊಂದು ಕೀಬೋರ್ಡ್ ಎಂದು ಹೇಳಿಕೊಂಡು ಕಾರ್ಡಿನ ನಂಬರನ್ನು ಟೈಪ್ ಮಾಡುತ್ತದೆ. ಆ ಕಾರ್ಡುಗಳಲ್ಲಿ 40 ಬಿಟ್‌ನ ಒಂದು ಗುರುತಿನ ಸಂಖ್ಯೆ ಬಿಟ್ಟರೆ ಏನೂ ಇಲ್ಲ. ಬರೆಯಲು ಜಾಗವೇ ಇಲ್ಲ, ಅದನ್ನು ಸ್ಮಾರ್ಟ್ ಎಂದು ಕರೆಯುವುದೇ ತಪ್ಪು. ಇನ್ನು ಆ 50 ಕಾರ್ಡ್ 13.56 ಮೆಗಾಹರ್ಟ್ಜ್‌ನವು ಇರಬಹುದು. ಐಎಸ್‌ಒ 14443 ಎನ್ನುವ ಮಾನದಂಡದವು. ಒಂದು ಎಫ್‌ಎಂ, ಒಂದು ಮೀಡಿಯಂ ವೇವ್. ಒಂದರ ಮಾತು ಇನ್ನೊಂದಕ್ಕೆ ಕೇಳುವುದೇ ಇಲ್ಲ.

ರೀಡರ್ ಡಬ್ಬದ ಮೇಲೆ ಎರಡು ಮಾತು ಹುಡುಕಿ: ಪಿಸಿ/ಎಸ್‌ಸಿ ಮತ್ತು ಸಿಸಿಐಡಿ. ಸಿಸಿಐಡಿ ಅಂದರೆ ಯುಎಸ್‌ಬಿ ರೀಡರ್‌ಗಳೆಲ್ಲ ಒಂದೇ ಭಾಷೆ ಆಡಬೇಕು ಎಂಬ ಒಪ್ಪಂದ. ಅದಿದ್ದರೆ ವಿಂಡೋಸ್‌ನಲ್ಲಿ ಡ್ರೈವರ್ ಸಿಡಿ ಹುಡುಕಬೇಕಾಗಿಲ್ಲ. ಪಿಸಿ/ಎಸ್‌ಸಿ ಅದರ ಮೇಲಿನ ಪದರ, ನಿಮ್ಮ ಪ್ರೋಗ್ರಾಂ ಮಾತಾಡುವುದು ಅದರ ಜೊತೆ. ಜಾವಾದಲ್ಲಿ ಸ್ಮಾರ್ಟ್‌ಕಾರ್ಡ್‌ಐಒ, ಪೈಥಾನ್‌ನಲ್ಲಿ ಪೈಸ್ಕಾರ್ಡ್, ಸಿ ಆದರೆ ವಿನ್‌ಸ್ಕಾರ್ಡ್. ನಾಳೆ ರೀಡರ್ ಕೆಟ್ಟು ಬೇರೆ ಕಂಪನಿಯದು ತಂದರೂ ಕೋಡ್ ಹೆಚ್ಚು ಕಡಿಮೆ ಹಾಗೇ ಉಳಿಯುತ್ತದೆ. ಕೆಲವರು "ನಮ್ಮದೇ ಎಸ್‌ಡಿಕೆ ಕೊಡುತ್ತೇವೆ", ಅಂದರೆ ನಮ್ಮ ರೀಡರಿಗಷ್ಟೇ ಆಗುವ ಕೋಡ್ ಸಾಮಗ್ರಿ, ಎಂದು ಮಾರುತ್ತಾರೆ. ಅಂಥದ್ದು ಕೊಂಡರೆ ನೀವು ಆ ಕಂಪನಿಯ ಲೈನ್ ಮನೆಯಲ್ಲೇ, ಅಂದರೆ ತೋಟದವರು ಕೊಟ್ಟ ಕೂಲಿ ಮನೆಯಲ್ಲೇ, ಇದ್ದ ಹಾಗೆ.

ಮಂಜು_ಮಳೆ

ಯಾಕಪ್ಪ ಇಷ್ಟೆಲ್ಲ? ಫೋನಿನಲ್ಲಿ ಒಂದು ಶೀಟ್ ಸಾಕಲ್ವಾ? ನಾವು ಮಡಿಕೇರಿ ಅಂಗಡಿಯಲ್ಲಿ ಹಾಗೇ ನಡೆಸುತ್ತಿದ್ದೇವೆ.

ತೋಟದ_ಹುಡುಗ

ಅಂಗಡಿಯಲ್ಲಿ ನೆಟ್‌ವರ್ಕ್ ಇರುತ್ತದೆ. ನಮ್ಮ ಕಣದಲ್ಲಿ ಒಂದು ಕಡ್ಡಿ ಸಿಗ್ನಲ್ ಬೇಕಾದರೂ ನೀರಿನ ಟ್ಯಾಂಕ್ ಹತ್ತಬೇಕು. ಕರೆಂಟ್ ಕಥೆ ಕೇಳಲೇಬೇಡಿ. ಅದಕ್ಕೇ ಲೆಕ್ಕ ಕಾರ್ಡಿನಲ್ಲೇ ಇರಲಿ ಅಂದದ್ದು.

ಅಣ್ಣ, ಹೇಳಿದ್ದು ಅರ್ಥ ಆಯಿತು. ಎಸಿಆರ್122ಯು ಎಂಬ ರೀಡರ್ ನೋಡಿದೆ, ಎಲ್ಲ ಕಡೆ ಸಿಗುತ್ತದೆ, ಸಿಸಿಐಡಿ ಎಂದು ಬರೆದಿದೆ. ಕಾರ್ಡ್ ಮೈಫೇರ್ ಕ್ಲಾಸಿಕ್ ಸಾಕಾ? ಬಹಳ ಅಗ್ಗ. ಅಥವಾ ಚಿನ್ನದ ಬಣ್ಣದ ಚಿಪ್ ಇರುವ, ಒಳಗೆ ತೂರಿಸುವ ಕಾರ್ಡ್ ವಾಸಿಯಾ?

ಎಪಿಡಿಯು_ಅಣ್ಣ

ತೂರಿಸುವ ಕಾರ್ಡ್ ಬೇಡ. ಬ್ಯಾಂಕಿಗೆ, ಡಿಜಿಟಲ್ ಸಹಿಗೆ ಅದು ಚೆನ್ನ. ಕಾಫಿ ಹಣ್ಣಿನ ಅಂಟು, ಕೆಂಪು ಮಣ್ಣು ಹತ್ತಿದ ಕೈಯಲ್ಲಿ ದಿನಾ 60 ಜನ ತೂರಿಸಿದರೆ ರೀಡರ್‌ನ ಮುಳ್ಳುಗಳು ಒಂದು ಸೀಸನ್ ಬಾಳುವುದೂ ಕಷ್ಟ.

ಕ್ಲಾಸಿಕ್ ಬಗ್ಗೆ ನಾನು ಸ್ವಲ್ಪ ಗಟ್ಟಿಯಾಗೇ ಹೇಳುತ್ತೇನೆ: ಹೊಸ ಕೆಲಸಕ್ಕೆ ಬೇಡ. ಅದರ ಕ್ರಿಪ್ಟೋ1 ಎಂಬ ಗುಟ್ಟಿನ ವಿಧಾನಕ್ಕೆ ಬರೀ 48 ಬಿಟ್‌ನ ಕೀ. 2008ರಲ್ಲಿ ನೆದರ್ಲೆಂಡ್ಸಿನ ರಾಡ್‌ಬೌಡ್ ವಿಶ್ವವಿದ್ಯಾಲಯದವರು ಅದನ್ನು ಪೂರ್ತಿ ಬಿಚ್ಚಿಟ್ಟರು. ಈಗ ಅದರ ನಕಲು ಮಾಡುವುದು ಕಾಲೇಜು ಹುಡುಗರ ಭಾನುವಾರದ ಆಟ. ಇನ್ನೊಂದು ತೊಂದರೆ, ಕ್ಲಾಸಿಕ್ ಚಿಪ್ ಮಾಡುವ ಎನ್‌ಎಕ್ಸ್‌ಪಿ ಕಂಪನಿಯದೇ ಎನ್‌ಎಫ್‌ಸಿ ಚಿಪ್ ಇಲ್ಲದ ಕೆಲವು ಆಂಡ್ರಾಯ್ಡ್ ಫೋನ್‌ಗಳು ಕ್ಲಾಸಿಕ್ ಕಾರ್ಡನ್ನು ಓದುವುದೇ ಇಲ್ಲ.

ಗೋಣಿಕೊಪ್ಪ_ಬೈಟು

ಸ್ವಾಮೀ, ತೋಟದ ತೂಕಕ್ಕೆ ಯಾರು ಬಂದು ಕ್ರಿಪ್ಟೋ ಒಡೆಯುತ್ತಾರೆ? ನಾನು ಒಂದು ಜಿಮ್‌ಗೆ ಕ್ಲಾಸಿಕ್‌ನಲ್ಲೇ ಮಾಡಿ ಕೊಟ್ಟೆ, ನಾಲ್ಕು ವರ್ಷದಿಂದ ಏನೂ ಆಗಿಲ್ಲ. ಅದರ ಬದಲು ಡೆಸ್‌ಫೈರ್ ಎಂಬ ಹೆಚ್ಚು ಭದ್ರವಾದ ಕಾರ್ಡ್ ತಗೊಂಡರೆ ಕಾರ್ಡಿಗೆ ಹಲವು ಪಟ್ಟು ದುಡ್ಡು. ಸುಮ್ನೆ ಹೆದರಿಸಬೇಡಿ.

ಎಪಿಡಿಯು_ಅಣ್ಣ

ಜಿಮ್‌ನಲ್ಲಿ ಮೋಸ ಆದರೆ ಒಂದು ದಿನದ ಫೀಸು ಹೋಗುತ್ತದೆ. ಇಲ್ಲಿ ಕಾರ್ಡಿನಲ್ಲಿ ಇರುವುದು ಕೂಲಿ. ಒಡೆಯುವವರು ಹೊರಗಿನವರೇ ಆಗಬೇಕೆಂದಿಲ್ಲ, ಲ್ಯಾಪ್‌ಟಾಪ್ ಪಕ್ಕ ಕೂರುವವನೂ ತಿದ್ದಬಹುದು. ದುಡ್ಡಿನ ಮಾತು ಒಪ್ಪುತ್ತೇನೆ. ಆದರೆ 60 ಕಾರ್ಡ್ ತಾನೇ, 6,000 ಅಲ್ಲವಲ್ಲ.

ಜಾವಾ_ಕಾಪಿ

ನಾನು ಬೇರೆ ದಾರಿ ಹೇಳುತ್ತೇನೆ. ಜಾವಾ ಕಾರ್ಡ್ ತಗೊಳ್ಳಿ, ನಿಮ್ಮದೇ ಆಪ್ಲೆಟ್, ಅಂದರೆ ಕಾರ್ಡಿನೊಳಗೇ ಓಡುವ ಸಣ್ಣ ಪ್ರೋಗ್ರಾಂ, ಬರೆಯಿರಿ. ತೂಕ ಹೇಗಿರಬೇಕು, ಯಾರು ಓದಬೇಕು, ಎಲ್ಲ ನಿಮ್ಮ ಕೈಯಲ್ಲಿ. ಜೆಕಾರ್ಡ್‌ಸಿಮ್ ಇದೆ, ಕಾರ್ಡ್ ಇಲ್ಲದೆಯೇ ಲ್ಯಾಪ್‌ಟಾಪ್‌ನಲ್ಲಿ ಪರೀಕ್ಷೆ ಮಾಡಬಹುದು.

ಆದರೆ ಹೆಸರು ಜಾವಾ ಎಂದು ಕಾಲೇಜಿನ ಜಾವಾ ತಂದರೆ ಪೆಟ್ಟು ತಿನ್ನುತ್ತೀರಿ. ಸ್ಟ್ರಿಂಗ್ ಇಲ್ಲ, ಫ್ಲೋಟ್ ಇಲ್ಲ, ಎಷ್ಟೋ ಕಾರ್ಡಿನಲ್ಲಿ ಇಂಟ್ ಕೂಡ ಇಲ್ಲ, ಶಾರ್ಟ್‌ನಲ್ಲೇ ಸಂಸಾರ. ಬಳಸಿ ಬಿಟ್ಟ ಮೆಮೊರಿಯನ್ನು ತಾನಾಗಿ ವಾಪಸ್ ತರುವ, ಕಸ ಗುಡಿಸುವವರು ಇರುತ್ತಾರೆ ಎಂಬ ಗ್ಯಾರಂಟಿಯೂ ಇಲ್ಲ. ಪ್ರೊಸೆಸ್ ಮೆಥಡ್ ಒಳಗೆ ನ್ಯೂ ಎಂದು ಬರೆದಿರೋ, ಪ್ರತಿ ಕಮಾಂಡಿಗೂ ಸ್ವಲ್ಪ ಸ್ವಲ್ಪ ಮೆಮೊರಿ ಹೋಗಿ ಒಂದು ದಿನ ಕಾರ್ಡ್ ಉಸಿರು ಬಿಡುತ್ತದೆ. ಬೇಕಾದ ಅರೇಗಳನ್ನೆಲ್ಲ ಇನ್‌ಸ್ಟಾಲ್ ಆಗುವಾಗಲೇ ಮಾಡಿಟ್ಟುಕೊಳ್ಳಿ. ಕಾರ್ಡ್ ಯಾವ ಆವೃತ್ತಿ ಎಂದು ಕೊಳ್ಳುವ ಮೊದಲೇ ಕೇಳಿ. 3.0.5ಕ್ಕೆ ಕಟ್ಟಿದ ಆಪ್ಲೆಟ್‌ನ ಕ್ಯಾಪ್ ಫೈಲನ್ನು 2.2.2ರ ಕಾರ್ಡಿಗೆ ಹಾಕಲು ಹೋಗಿ ಒಂದು ವಾರ ತಲೆ ಚಚ್ಚಿಕೊಂಡವನು ನಾನು.

ಮತ್ತೊಂದು. ಖಾಲಿ ಕಾರ್ಡಿಗೆ ಸಾಮಾನ್ಯವಾಗಿ 40, 41, 42 ಹೀಗೆ 4ಎಫ್ ತನಕದ ಟೆಸ್ಟ್ ಕೀ ಇರುತ್ತದೆ. ನಿಮ್ಮ ಕಾರ್ಡಿನ ಕೀ ಬೇರೆ ಇದ್ದು, ನೀವು ಆಗದಿದ್ದರೆ ಆಗದಿರಲಿ ಎಂದು ಆಪ್ಲೆಟ್ ಹಾಕುವ ಗ್ಲೋಬಲ್‌ಪ್ಲಾಟ್‌ಫಾರ್ಮ್‌ಪ್ರೊದಲ್ಲಿ ಮತ್ತೆ ಮತ್ತೆ ಹೊಡೆದರೆ ಹತ್ತು ಸಲಕ್ಕೆ ಕೆಲವು ಕಾರ್ಡ್ ಶಾಶ್ವತವಾಗಿ ಬೀಗ ಹಾಕಿಕೊಳ್ಳುತ್ತವೆ. ನನ್ನ ಮೇಜಿನ ಮೇಲೆ ಅಂಥ ಎರಡು ಇವೆ. ಈಗ ಕಾಫಿ ಲೋಟದ ಕೆಳಗೆ ಇಡಲು ಉಪಯೋಗ.

ಎಪಿಡಿಯು_ಅಣ್ಣ

ಈ ಕೆಲಸಕ್ಕೆ ಅಷ್ಟು ಬೇಕಿಲ್ಲ. ತೂಕ ಬರೆಯುವುದು, ಓದುವುದು, ಎರಡೇ. ಡೆಸ್‌ಫೈರ್‌ನಲ್ಲಿ ಫೈಲ್‌ಗಳು ಸಿದ್ಧವಾಗಿ ಸಿಗುತ್ತವೆ. ಅದರಲ್ಲಿ ಸೈಕ್ಲಿಕ್ ರೆಕಾರ್ಡ್ ಫೈಲ್ ನೋಡಿ, ನಿಮಗೆಂದೇ ಮಾಡಿದ ಹಾಗಿದೆ. 16 ಬೈಟ್‌ನ 64 ದಾಖಲೆ ಇಟ್ಟರೆ ಬರೀ 1,024 ಬೈಟ್. ತುಂಬಿದ ಮೇಲೆ ಹಳೆಯದರ ಮೇಲೆ ಹೊಸದು ಕೂರುತ್ತದೆ. 64 ಎಂದರೆ ಓದಲು ಸಿಗುವುದು 63, ಒಂದು ಜಾಗ ಅದಕ್ಕೇ ಬೇಕು, ಇದನ್ನು ಮರೆತು ಎಲ್ಲರೂ ಒಮ್ಮೆ ಗಾಬರಿ ಆಗುತ್ತಾರೆ.

ದೊಡ್ಡ ಲಾಭ ಇನ್ನೊಂದು. ಬರೆದ ಮೇಲೆ ಕಮಿಟ್, ಅಂದರೆ ಇದನ್ನು ಖಾಯಂ ಮಾಡು ಎಂಬ ಕಮಾಂಡ್, ಕೊಡಬೇಕು. ಕಮಿಟ್ ಆಗುವ ಮೊದಲು ಯಾರಾದರೂ ಕಾರ್ಡ್ ಎತ್ತಿಬಿಟ್ಟರೆ ಹಳೆಯದು ಹಳೆಯದಾಗೇ ಇರುತ್ತದೆ, ಅರ್ಧಂಬರ್ಧ ಬರೆದದ್ದು ಉಳಿಯುವುದಿಲ್ಲ. ಸಂಜೆ ಸಾಲಿನಲ್ಲಿ ನಿಂತವರು ಬೀಪ್ ಕೇಳುವ ತನಕ ಕಾಯುತ್ತಾರೆ ಎಂದು ನಂಬಬೇಡಿ.

ಲೈನ್‌ಮನೆ_ದೀಪ

ನಾನು ಪ್ರೋಗ್ರಾಂ ಬರೆಯುವವಳಲ್ಲ, ಪಾಲಿಬೆಟ್ಟದ ಕಡೆ ಒಂದು ತೋಟದ ಲೈನ್‌ನಲ್ಲಿ ಬೆಳೆದವಳು. ಈಗ ಮೈಸೂರಿನಲ್ಲಿ ಕೆಲಸ. ಚರ್ಚೆ ಓದಿದೆ, ಅರ್ಧ ಅರ್ಥ ಆಯಿತು.

ನಮ್ಮಮ್ಮ ಕುಯ್ಲಿನ ದಿನಗಳಲ್ಲಿ ಸಂಜೆ ಬಂದ ಕೂಡಲೇ, ಕೈ ತೊಳೆಯುವ ಮೊದಲು, ನನ್ನ ಹತ್ತಿರ ಗೋಡೆ ಕ್ಯಾಲೆಂಡರ್‌ನಲ್ಲಿ ಅವತ್ತಿನ ತೂಕ ಬರೆಸುತ್ತಿದ್ದಳು. ಬೆಳಿಗ್ಗೆಯದು ಮೇಲೆ, ಸಂಜೆಯದು ಕೆಳಗೆ, ಪೆನ್ಸಿಲಿನಲ್ಲಿ. ಬಟವಾಡೆ ದಿನ ಅವರ ಪುಸ್ತಕಕ್ಕೂ ನಮ್ಮ ಕ್ಯಾಲೆಂಡರಿಗೂ ಎಷ್ಟೋ ಸಲ ತಾಳೆ ಆಗುತ್ತಿರಲಿಲ್ಲ. ಯಾವ ಸಲವೂ ಪುಸ್ತಕವೇ ಗೆಲ್ಲುತ್ತಿತ್ತು.

ನನ್ನ ಪ್ರಶ್ನೆ ಒಂದೇ. ಕಾರ್ಡ್ ನಮ್ಮ ಕೈಯಲ್ಲಿ ಇರುತ್ತದೆ, ಸರಿ. ಅದರೊಳಗೆ ಏನು ಬರೆದಿದೆ ಎಂದು ನಾವು ನೋಡಬಹುದಾ? ಅಥವಾ ನೋಡಬೇಕಾದರೂ ತೋಟದ ಆಫೀಸಿನ ರೀಡರ್ ಹತ್ತಿರವೇ ಬರಬೇಕಾ? ಹಾಗಾದರೆ ಅದಕ್ಕಿಂತ ಕ್ಯಾಲೆಂಡರ್ ವಾಸಿ.

ತೋಟದ_ಹುಡುಗ

ನಿಜ ಹೇಳಬೇಕೆಂದರೆ ಇದು ನನ್ನ ತಲೆಗೇ ಬಂದಿರಲಿಲ್ಲ. ಪುಸ್ತಕ ನೆನೆಯಬಾರದು ಎನ್ನುವುದಷ್ಟೇ ನನ್ನ ಯೋಚನೆಯಾಗಿತ್ತು. ಅಣ್ಣ, ಆಗುತ್ತದಾ?

ಎಪಿಡಿಯು_ಅಣ್ಣ

ಆಗುತ್ತದೆ. ನಾನೂ ಈ ಪ್ರಶ್ನೆ ಮೊದಲೇ ಕೇಳಬೇಕಿತ್ತು. ಯಾವ ಕಾರ್ಡ್ ಎನ್ನುವುದಕ್ಕೂ ಮೊದಲು ಯಾರು ಓದಬೇಕು ಎನ್ನುವುದು ತೀರ್ಮಾನ ಆಗಬೇಕು, ನಾನು ಒಂದು ಮೆಟ್ಟಿಲು ಹಾರಿದೆ.

ಡೆಸ್‌ಫೈರ್‌ನ ಪ್ರತಿ ಫೈಲಿಗೂ ಓದಲು, ಬರೆಯಲು, ಎರಡಕ್ಕೂ, ಹಕ್ಕನ್ನೇ ಬದಲಿಸಲು ಎಂದು ನಾಲ್ಕು ಹಕ್ಕು. ಪ್ರತಿಯೊಂದಕ್ಕೂ ಒಂದು ಕೀ ನಂಬರ್ ಕೊಡಬಹುದು. ನಂಬರ್ ಬದಲು ಇ ಎಂದು ಕೊಟ್ಟರೆ ಯಾರು ಬೇಕಾದರೂ, ಎಫ್ ಕೊಟ್ಟರೆ ಯಾರೂ ಇಲ್ಲ. ಓದಲು ಇ ಕೊಡಿ. ಬರೆಯಲು ಮಾತ್ರ ಎಇಎಸ್ ಎಂಬ ಗಟ್ಟಿ ಗುಟ್ಟಿನ ವಿಧಾನದ ಕೀ. ಆಗ ಎನ್‌ಎಫ್‌ಸಿ ಇರುವ ಯಾವ ಆಂಡ್ರಾಯ್ಡ್ ಫೋನಿಗೆ ಕಾರ್ಡ್ ತಾಗಿಸಿದರೂ ಒಂದು ಸಣ್ಣ ಆ್ಯಪ್ ಲೆಕ್ಕ ತೋರಿಸುತ್ತದೆ, ನೆಟ್‌ವರ್ಕ್ ಬೇಡ, ಕೀ ಬೇಡ, ಓನರ್ ಅನುಮತಿಯೂ ಬೇಡ. ಕಾರ್ಡ್ ಬಿದ್ದು ಸಿಕ್ಕಿದವರೂ ಓದಬಹುದು, ಅದಕ್ಕೆ ಹೆಸರು, ಆಧಾರ್ ನಂಬರ್ ಯಾವುದನ್ನೂ ಕಾರ್ಡಿನಲ್ಲಿ ಬರೆಯಬೇಡಿ.

ಗೋಣಿಕೊಪ್ಪ_ಬೈಟು

ಸರಿ, ಇದಕ್ಕಾದರೆ ಕ್ಲಾಸಿಕ್ ಬೇಡ. ನನ್ನ ಮಾತು ವಾಪಸ್. ಜಿಮ್ ಹಾಗೇ ಇರಲಿ.

ತೋಟದ_ಹುಡುಗ

ಎರಡು ವಾರ ಆಯಿತು. ಎಸಿಆರ್122ಯು ಮತ್ತು ಡೆಸ್‌ಫೈರ್ ಇವಿ2 ಕಾರ್ಡ್ ಬಂದಿವೆ. ಪೈಥಾನ್‌ನಲ್ಲಿ ಶುರು ಮಾಡಿದೆ. ಕ್ಲಾಸಿಕ್ ಕಾರ್ಡ್ ಇಟ್ಟು ನಂಬರ್ ಕೊಡು ಎಂಬ ಕಮಾಂಡ್ ಎಫ್‌ಎಫ್ ಸಿಎ 00 00 00 ಕಳಿಸಿದರೆ ಕಾರ್ಡಿನ ನಂಬರ್ ಬಂತು, ಕೊನೆಗೆ 90 00, ಖುಷಿಯಾಯಿತು. ಆದರೆ ಅದೇ ಕಾರ್ಡ್ ಇಲ್ಲಿ 2468812104, ಅಕ್ಕನ ಆಫೀಸಿನ ಹಾಜರಾತಿ ರೀಡರ್‌ನಲ್ಲಿ 1209345939! ಒಂದೇ ಕಾರ್ಡಿಗೆ ಎರಡು ನಂಬರಾ?

ಇನ್ನೊಂದು, ಡೆಸ್‌ಫೈರ್ ಕಾರ್ಡಿಗೆ ನಿನ್ನ ಆವೃತ್ತಿ ಹೇಳು ಎಂಬ ಕಮಾಂಡ್ 90 60 00 00 00 ಕಳಿಸಿದರೆ 91 ಎಎಫ್ ಎಂದು ಎರರ್ ಬರುತ್ತಿದೆ. ಮೂರು ಕಾರ್ಡ್ ಬದಲಿಸಿ ನೋಡಿದೆ. ಮೂರೂ ಕೆಟ್ಟಿವೆಯಾ?

ಎಪಿಡಿಯು_ಅಣ್ಣ

ಕೆಟ್ಟಿಲ್ಲ. 91 ಎಎಫ್ ಎಂದರೆ ಎರರ್ ಅಲ್ಲ, ಇನ್ನೂ ಇದೆ ಕೇಳು ಎಂದು ಕಾರ್ಡ್ ಹೇಳುತ್ತಿದೆ. 90 ಎಎಫ್ 00 00 00 ಕಳಿಸಿ, ಇನ್ನೊಂದು ತುಂಡು ಬರುತ್ತದೆ. ಮತ್ತೆ ಕಳಿಸಿ, ಮೂರನೆಯ ತುಂಡಿನ ಕೊನೆಗೆ 91 00. ಡೆಸ್‌ಫೈರ್‌ಗೆ 91 00 ಎಂದರೆ ಶುಭಂ. ಮಾಮೂಲಿ ಕಾರ್ಡಿನಲ್ಲಾದರೆ 90 00. 6ಎ 82 ಬಂದರೆ ಆ ಫೈಲ್ ಇಲ್ಲ, 69 82 ಬಂದರೆ ನಿಮಗೆ ಹಕ್ಕಿಲ್ಲ, 67 00 ಬಂದರೆ ಉದ್ದ ತಪ್ಪು. ಇವಿಷ್ಟನ್ನು ಒಂದು ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಿಕೊಳ್ಳಿ.

ನಂಬರ್ ವಿಷಯ: ಕಾರ್ಡಿನೊಳಗೆ ಇರುವುದು, ಹೆಕ್ಸ್ ಅಂದರೆ ಹದಿನಾರರ ಲೆಕ್ಕದಲ್ಲಿ, 93 27 15 48 ಎಂಬ ನಾಲ್ಕು ಬೈಟ್. ನಿಮ್ಮ ಪ್ರೋಗ್ರಾಂ ಎಡದಿಂದ ಓದಿತು, ಆ ರೀಡರ್ ಬಲದಿಂದ ಓದಿತು. ಎರಡೂ ಸರಿ. ಅದಕ್ಕೇ ಯಾವತ್ತೂ ಬೈಟ್‌ಗಳನ್ನೇ ಇಟ್ಟುಕೊಳ್ಳಿ, ದಶಮಾಂಶಕ್ಕೆ ತಿರುಗಿಸಬೇಡಿ.

ಜಾವಾ_ಕಾಪಿ

ಲಿನಕ್ಸ್‌ನಲ್ಲಿ ಈ ರೀಡರ್ ಹಾಕುವವರು ಗಮನಿಸಿ. ಕರ್ನಲ್‌ನ ಪಿಎನ್533 ಮಾಡ್ಯೂಲ್ ಮೊದಲೇ ಓಡಿಬಂದು ರೀಡರನ್ನು ಹಿಡಿದುಕೊಳ್ಳುತ್ತದೆ, ಲಿನಕ್ಸ್‌ನಲ್ಲಿ ಪಿಸಿ/ಎಸ್‌ಸಿ ನಡೆಸುವ ಪಿಸಿಎಸ್‌ಸಿಡಿಗೆ ಸಿಗುವುದಿಲ್ಲ. ಆ ಮಾಡ್ಯೂಲನ್ನು ಬ್ಲ್ಯಾಕ್‌ಲಿಸ್ಟ್ ಮಾಡಿ. ಸಿಸಿಐಡಿ ಡ್ರೈವರ್ ನೋಡಿಕೊಳ್ಳುವ ಲುಡೋವಿಕ್ ರೂಸೋ ಯಾವ ರೀಡರ್ ನಡೆಯುತ್ತದೆ, ಯಾವುದು ಕಾಡುತ್ತದೆ ಎಂದು ದೊಡ್ಡ ಪಟ್ಟಿಯನ್ನೇ ಇಟ್ಟಿದ್ದಾರೆ. ಕೊಳ್ಳುವ ಮೊದಲು ಅದನ್ನು ನೋಡುವುದು ಅಂಗಡಿಯವನ ಮಾತು ಕೇಳುವುದಕ್ಕಿಂತ ಮೇಲು.

ತೋಟದ_ಹುಡುಗ

ಅರೇಬಿಕಾ ಸ್ವಲ್ಪ ಇತ್ತು, ಅದರಲ್ಲಿ ಪ್ರಯೋಗ ಮಾಡಿದೆವು. ಮೊದಲ ಸಂಜೆ ರೀಡರ್ ಸತ್ತ ಹಾಗೆ ಬಿದ್ದಿತ್ತು. ಮನೆಯಲ್ಲಿ ಸರಿ, ಶೆಡ್ಡಿನಲ್ಲಿ ಇಲ್ಲ. ಕೊನೆಗೆ ಗೊತ್ತಾಗಿದ್ದು, ನಾನು ಅದನ್ನು ತೂಕದ ಯಂತ್ರದ ಕಬ್ಬಿಣದ ಸ್ಟ್ಯಾಂಡ್ ಮೇಲೆ ಇಟ್ಟಿದ್ದೆ, ಲೋಹದ ಮೇಲೆ ಅದರ ಅಲೆ ಏಳುವುದಿಲ್ಲ. ಒಂದು ಸಿಲ್ವರ್ ಓಕ್ ಹಲಗೆ ತುಂಡು ಕೆಳಗೆ ಕೊಟ್ಟೆ. ಆಮೇಲೆ ಎಲ್ಲ ಕಾರ್ಡನ್ನೂ ಓದಿತು.

ಎರಡನೆಯ ಸಂಜೆ ಒಬ್ಬ ಅಜ್ಜಿ 3507.3 ಕೆಜಿ ಕೊಯ್ದಿದ್ದರು. ಮೂರೂವರೆ ಟನ್! ಅಸಲಿಗೆ 39.3. ನೂರು ಗ್ರಾಮಿನ ಲೆಕ್ಕದಲ್ಲಿ 393, ಅಂದರೆ ಹೆಕ್ಸ್‌ನಲ್ಲಿ 01 89 ಎಂದು ಬರೆದು, ಓದುವಾಗ 89 01 ಎಂದು ಓದಿದ್ದೆ. ಎಡ ಬಲದ ಪಾಠ ಹೇಳಿಸಿಕೊಂಡ ಮೇಲೂ! ಅಜ್ಜಿ ಮಾತ್ರ ಬಹಳ ಹೊತ್ತು ನಕ್ಕರು, ಅಷ್ಟಕ್ಕೂ ಕೂಲಿ ಕೊಡು ಎಂದರು.

ಇನ್ನೂ ಬಗೆಹರಿಯದ್ದು: ಕೆಲವು ಸಲ ಬರೆಯುವ ಹೊತ್ತಿಗೆ ಕಾರ್ಡ್ ನನ್ನ ಗುರುತೇ ಇಲ್ಲ ಎನ್ನುತ್ತದೆ, 91 ಎಇ. ಕೀ ಸರಿ ಇದೆ. ಮೊದಲು ಅಥೆಂಟಿಕೇಟ್ ಮಾಡಿ, ಅಂದರೆ ಕೀಯಿಂದ ಗುರುತು ಹೇಳಿ, ಬೇರೆ ಪ್ರೋಗ್ರಾಂ ಕಾರ್ಡ್ ಮುಟ್ಟದಂತೆ ಟ್ರಾನ್ಸಾಕ್ಷನ್ ಹಿಡಿದುಕೊಂಡು, ತೂಕ ನಿಲ್ಲುವ ತನಕ ಕಾದು ಬರೆಯುತ್ತಿದ್ದೇನೆ. ವಿಂಡೋಸ್ 10.

ಎಪಿಡಿಯು_ಅಣ್ಣ

ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆ, "ತೂಕ ನಿಲ್ಲುವ ತನಕ ಕಾದು". ವಿಂಡೋಸ್ 8ರಿಂದ ಈಚೆಗೆ ಟ್ರಾನ್ಸಾಕ್ಷನ್ ಹಿಡಿದುಕೊಂಡು ಐದು ಸೆಕೆಂಡಿಗಿಂತ ಜಾಸ್ತಿ ಸುಮ್ಮನೆ ಕೂತರೆ ವಿಂಡೋಸ್ ಕಾರ್ಡನ್ನು ರಿಸೆಟ್ ಮಾಡುತ್ತದೆ. ರಿಸೆಟ್ ಆದರೆ ಅಥೆಂಟಿಕೇಷನ್ ಹೋಯಿತು. ಚೀಲ ಅಲ್ಲಾಡುತ್ತಾ ಇದ್ದ ದಿನ ತೂಕ ನಿಲ್ಲಲು ಆರು ಸೆಕೆಂಡ್, ಆಗ ತಪ್ಪುತ್ತದೆ. ತಕ್ಷಣ ನಿಂತರೆ ಸರಿ ಹೋಗುತ್ತದೆ. ಅದಕ್ಕೇ ಕೆಲವು ಸಲ ಎನ್ನುತ್ತಿದ್ದೀರಿ.

ಮೊದಲು ತೂಕ ಹಿಡಿಯಿರಿ. ಆಮೇಲೆ ಕಾರ್ಡ್ ಇಡಲು ಹೇಳಿ. ಅಥೆಂಟಿಕೇಟ್, ಬರೆ, ಕಮಿಟ್, ಮತ್ತೆ ಓದಿ ಪರದೆಯಲ್ಲಿ ತೋರಿಸು, ಎಲ್ಲ ಒಂದೇ ಉಸಿರಿಗೆ.

ಕೀ ಎಲ್ಲಿಟ್ಟಿದ್ದೀರಿ? ಎಲ್ಲ ಕಾರ್ಡಿಗೂ ಒಂದೇ ಕೀ ಇದ್ದರೆ ಈಗಲೇ ಬದಲಿಸಿ. ಒಂದು ತಾಯಿ ಕೀ, ಅದರ ಜೊತೆ ಕಾರ್ಡಿನ ನಂಬರ್ ಸೇರಿಸಿ ಪ್ರತಿ ಕಾರ್ಡಿಗೂ ಬೇರೆ ಕೀ ಹುಟ್ಟಿಸಿ. ತಾಯಿ ಕೀಯನ್ನು ಲ್ಯಾಪ್‌ಟಾಪ್‌ನಲ್ಲಿ ಇಡದೆ ಸಿಮ್ಮಿನಂಥ ಸ್ಯಾಮ್ ಚಿಪ್‌ನಲ್ಲಿ ಇಡುವುದು ಸರಿಯಾದ ದಾರಿ. ಎಸಿಆರ್1252ಯು ರೀಡರ್‌ನಲ್ಲಿ ಅದಕ್ಕೊಂದು ಕಿಂಡಿ ಇದೆ, ನಿಮ್ಮ 122ರಲ್ಲಿ ಇಲ್ಲ. ಈ ಸೀಸನ್ ಹೀಗೇ ನಡೆಯಲಿ, ಮುಂದಿನದಕ್ಕೆ ಯೋಚಿಸಿ. ಪುಸ್ತಕವನ್ನೂ ಬಿಡಬೇಡಿ.

ಮಂಜು_ಮಳೆ

ಒಂದು ಅನುಮಾನ. ಹೊಸ ಕಾರ್ಡ್ ಯಾಕೆ, ಜನರ ಹತ್ತಿರ ಇರುವ ಆಧಾರ್ ಅಥವಾ ಡಿಎಲ್ ಕಾರ್ಡನ್ನೇ ಬಳಸಬಹುದಲ್ವಾ?

ಜಾವಾ_ಕಾಪಿ

ಆಧಾರ್ ಪಿವಿಸಿ ಕಾರ್ಡಿನಲ್ಲಿ ಚಿಪ್ಪೇ ಇಲ್ಲ, ಬರೀ ಕ್ಯೂಆರ್. ಚಿಪ್ ಇರುವ ಡಿಎಲ್‌ನಲ್ಲಿ ಇರುವುದು ಸ್ಕೋಸ್ಟಾ ಎಂಬ ಕಾರ್ಡ್ ಆಪರೇಟಿಂಗ್ ಸಿಸ್ಟಮ್, ಐಐಟಿ ಕಾನ್ಪುರ ಮತ್ತು ಕೇಂದ್ರ ಸರ್ಕಾರದ ಎನ್‌ಐಸಿ ಸೇರಿ ಮಾಡಿದ್ದು. ಅದರಲ್ಲಿ ನಾವು ಬರೆಯಲು ಆರ್‌ಟಿಒದವರ ಕೀ ಬೇಕು. ಕೇಳಿ ನೋಡಿ, ಕೊಟ್ಟರೆ ನಮಗೂ ಹೇಳಿ.

ತೋಟದ_ಹುಡುಗ

ರೊಬಸ್ಟಾ ಶುರುವಾಗಿ ಒಂಬತ್ತು ದಿನ. ಮೊದಲು ತೂಕ, ಆಮೇಲೆ ಕಾರ್ಡ್ ಎಂದು ಮಾಡಿದ ಮೇಲೆ 91 ಎಇ ಮತ್ತೆ ಬಂದಿಲ್ಲ. ಓದುವ ಆ್ಯಪನ್ನು ಆರೇಳು ಫೋನಿಗೆ ಹಾಕಿಕೊಟ್ಟೆ. ಮೊದಲೆರಡು ದಿನ ರೈಟರ್‌ಗೆ ಇಷ್ಟ ಇರಲಿಲ್ಲ, ಮುಖ ಗಂಟಾಗಿತ್ತು. ಮೂರನೆಯ ದಿನ ಒಬ್ಬ ಹುಡುಗ ಫೋನ್ ತಂದು ನಮ್ಮಮ್ಮನದು ಬೆಳಿಗ್ಗೆಯ ತೂಕ ಬಿದ್ದಿಲ್ಲ ಎಂದ. ನೋಡಿದರೆ ಹೌದು, ಪುಸ್ತಕದಲ್ಲೂ ಬಿಟ್ಟುಹೋಗಿತ್ತು. ಚೀಲ ಮಾತ್ರ ಮೂಲೆಯಲ್ಲಿ ಹಾಗೇ ಇತ್ತು, 27.8. ಅಲ್ಲೇ ಬರೆದೆವು.

ಈಗ ಹೊಸ ತಲೆನೋವು. ನಿನ್ನೆ ನಾಲ್ಕು ಕಾರ್ಡ್ ಸತ್ತಿವೆ. ಫೋನಿಗೂ ಸಿಗುತ್ತಿಲ್ಲ, ರೀಡರಿಗೂ ಸಿಗುತ್ತಿಲ್ಲ. ಮಳೆ ಬಂದಿಲ್ಲ, ಬಿಸಿಲಿಗೂ ಇಟ್ಟಿಲ್ಲ ಎನ್ನುತ್ತಾರೆ.

ಲೈನ್‌ಮನೆ_ದೀಪ

ಕುತ್ತಿಗೆಗೆ ಹಾಕಿಕೊಳ್ಳಲು ತೂತು ಹೊಡೆದಿದ್ದಾರಾ ನೋಡಿ. ಅಮ್ಮ ರೇಷನ್ ಕಾರ್ಡಿಗೂ ಹಾಗೇ ಮಾಡಿದ್ದಳು.

ತೋಟದ_ಹುಡುಗ

ಹೌದು!! ನಾಲ್ಕಕ್ಕೂ ಮೂಲೆಯಲ್ಲಿ ತೂತು, ಕೆಂಪು ದಾರ.

ಎಪಿಡಿಯು_ಅಣ್ಣ

ಕಾರ್ಡಿನ ಅಂಚಿನ ಉದ್ದಕ್ಕೂ ಆಂಟೆನಾ ತಂತಿ ಸುತ್ತಿರುತ್ತದೆ, ಅದು ತುಂಡಾಗಿದೆ. ಕಾರ್ಡಿನಲ್ಲಿದ್ದ ಲೆಕ್ಕ ಇನ್ನು ಸಿಗುವುದಿಲ್ಲ. ಲ್ಯಾಪ್‌ಟಾಪ್‌ನ ಪ್ರತಿಯಿಂದ ಹೊಸ ಕಾರ್ಡಿಗೆ ಬರೆಯಿರಿ, ಪುಸ್ತಕದ ಜೊತೆ ತಾಳೆ ನೋಡಿ, ಬರೆಯುವಾಗ ಆ ನಾಲ್ವರನ್ನೂ ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ.

ಗೋಣಿಕೊಪ್ಪ_ಬೈಟು

ತೂತು ಇರುವ ಪ್ಲಾಸ್ಟಿಕ್ ಕವರ್, ದಾರ ಸಮೇತ, ಇಲ್ಲಿ ಬಸ್ ಸ್ಟ್ಯಾಂಡ್ ಹತ್ತಿರದ ಸ್ಟೇಷನರಿ ಅಂಗಡಿಗಳಲ್ಲಿ ಸಿಗುತ್ತದೆ, ಶಾಲೆ ಮಕ್ಕಳ ಐಡಿ ಕಾರ್ಡಿಗೆ ಹಾಕುವುದು. ಎಷ್ಟು ಬೇಕು ಹೇಳಿ, ನಾಳೆ ಸಿದ್ದಾಪುರಕ್ಕೆ ಬರುವವನಿದ್ದೇನೆ, ತಂದುಕೊಡುತ್ತೇನೆ.

ತೋಟದ_ಹುಡುಗ

70. ಮಧ್ಯಾಹ್ನದ ಊಟ ನಮ್ಮಲ್ಲೇ.